ಮಣ್ಣಿನ ಭಾರಲೋಹ ಅಳೆಯಲು ಇನ್‌ಫ್ರಾರೆಡ್: ಲೋಹ ಕಾಣಲ್ಲ, ಅದರ ಸಹವಾಸ ಕಾಣುತ್ತೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇನ್‌ಫ್ರಾರೆಡ್ ಯಂತ್ರಕ್ಕೆ ಮಣ್ಣಿನಲ್ಲಿರುವ ಸೀಸ ಕಾಣುವುದಿಲ್ಲ. ಕ್ಯಾಡ್ಮಿಯಂ ಕಾಣುವುದಿಲ್ಲ, ಸತುವೂ ಕಾಣುವುದಿಲ್ಲ. ಯಂತ್ರ ಮಾರುವವರು ಈ ಮಾತನ್ನು ಮೆಲ್ಲಗೆ ಹೇಳುತ್ತಾರೆ, ಕೆಲವೊಮ್ಮೆ ಹೇಳುವುದೇ ಇಲ್ಲ. ಆದರೂ ಈ ವಿಧಾನದಿಂದ ಮಣ್ಣಿನ ಮಾಲಿನ್ಯವನ್ನು ಅಂದಾಜು ಮಾಡಬಹುದು, ಎಷ್ಟೋ ಕಡೆ ಚೆನ್ನಾಗಿಯೇ ಮಾಡಬಹುದು. ಹೇಗೆ ಅಂತ ತಿಳಿಯದೆ ಯಂತ್ರ ಮುಟ್ಟಿದರೆ ಮಾತ್ರ ಚೆಂದದ ಗ್ರಾಫ್ ಸಿಗುತ್ತೆ, ಸುಳ್ಳು ಸಂಖ್ಯೆ ಸಿಗುತ್ತೆ.

ಇನ್‌ಫ್ರಾರೆಡ್ ಬೆಳಕು ಮಣ್ಣಿಗೆ ಬಿದ್ದಾಗ ಅದರ ಒಂದು ಭಾಗವನ್ನು ಪರಮಾಣುಗಳ ನಡುವಿನ ಬಂಧಗಳು ಹೀರಿಕೊಂಡು ಅಲುಗಾಡುತ್ತವೆ. ನೀರು ಮತ್ತು ಜೇಡಿಯಲ್ಲಿರುವ ಆಮ್ಲಜನಕ-ಜಲಜನಕ ಬಂಧ, ಸಾವಯವ ಪದಾರ್ಥದ ಇಂಗಾಲ-ಜಲಜನಕ ಬಂಧ, ಮರಳಿನ ಸಿಲಿಕಾನ್-ಆಮ್ಲಜನಕ ಬಂಧ, ಹೀಗೆ. ಕಬ್ಬಿಣದ ಆಕ್ಸೈಡ್‌ಗಳದು ಸ್ವಲ್ಪ ಬೇರೆ ಕತೆ. ಅಲ್ಲಿ ಬೆಳಕು ಹೀರುವುದು ಎಲೆಕ್ಟ್ರಾನುಗಳು, ಅದೂ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮತ್ತು ಅದರ ಪಕ್ಕದ ಇನ್‌ಫ್ರಾರೆಡ್‌ನಲ್ಲಿ. ಈಗ ಒಂದು ಕೆಜಿ ಮಣ್ಣಿನಲ್ಲಿ 100 ಮಿಲಿಗ್ರಾಂ ಸೀಸ ಇದೆ ಅಂದುಕೊಳ್ಳಿ. ಅಂದರೆ ನೂರಕ್ಕೆ 0.01. ಇಷ್ಟು ಸಣ್ಣ ಪ್ರಮಾಣದ ಲೋಹ ತನ್ನದೇ ಗುರುತು ಮೂಡಿಸುವ ಮಾತೇ ಇಲ್ಲ. ತಾಮ್ರ, ಕ್ರೋಮಿಯಂ, ನಿಕ್ಕಲ್‌ಗಳಿಗೆ ಸ್ವಂತ ಬಣ್ಣ ಇದೆ ನಿಜ, ಆದರೆ ಅದು ಮಣ್ಣಿನಲ್ಲಿ ಕಾಣಬೇಕಾದರೆ ಕೆಜಿಗೆ ಸಾವಿರಾರು ಮಿಲಿಗ್ರಾಂ ಬೇಕು.

ಆದರೆ ಲೋಹ ಒಂಟಿಯಾಗಿ ಇರುವುದಿಲ್ಲ. ಜೇಡಿಯ ಮೇಲ್ಮೈಗೆ ಋಣ ವಿದ್ಯುದಂಶ ಇರುತ್ತೆ, ಧನ ವಿದ್ಯುದಂಶದ ಲೋಹ ಅಲ್ಲಿಗೆ ಹೋಗಿ ಅಂಟಿಕೊಳ್ಳುತ್ತೆ. ಸಾವಯವ ಪದಾರ್ಥ ತಾಮ್ರ, ಸೀಸ, ಪಾದರಸಗಳನ್ನು ಬಿಗಿಯಾಗಿ ಹಿಡಿಯುತ್ತೆ. ಕಬ್ಬಿಣದ ಆಕ್ಸೈಡ್ ಸೀಸ ಮತ್ತು ಆರ್ಸೆನಿಕ್‌ಗಳನ್ನು ಬಿಡುವುದೇ ಇಲ್ಲ. ಜೇಡಿ, ಸಾವಯವ ಪದಾರ್ಥ, ಕಬ್ಬಿಣದ ಆಕ್ಸೈಡ್, ಈ ಮೂರನ್ನೂ ಯಂತ್ರ ಚೆನ್ನಾಗಿ ನೋಡುತ್ತೆ. ಮನುಷ್ಯನನ್ನು ನೋಡದೆ ಅವನ ಸಹವಾಸ ನೋಡಿ ಆಳು ಎಂಥವನು ಅಂತ ಹೇಳುತ್ತೇವಲ್ಲ, ಇಲ್ಲೂ ಅದೇ ಲೆಕ್ಕ. ಸಹವಾಸ ಗಟ್ಟಿಯಾಗಿದ್ದರೆ ಅಂದಾಜು ಗಟ್ಟಿ. ಸಹವಾಸ ಇಲ್ಲದಿದ್ದರೆ ಎಂಥ ದುಬಾರಿ ಯಂತ್ರ ತಂದರೂ ಕೆಲಸಕ್ಕೆ ಬಾರದು.

ಶುರು ಮಾಡುವ ಮುಂಚೆ: ಇದು ನಿಮ್ಮ ಜಾಗಕ್ಕೆ ಒಗ್ಗುತ್ತಾ?

ಒಗ್ಗುವ ಜಾಗ ಅಂದರೆ, ಮಾಲಿನ್ಯ ಹಳೆಯದಾಗಿ ಮಣ್ಣಿನೊಳಗೆ ಬೆರೆತುಹೋಗಿರಬೇಕು. ವರ್ಷಗಟ್ಟಲೆ ಚರಂಡಿ ಕೆಸರು ಹಾಕಿದ ಹೊಲ, ಗಣಿಯ ಹೂಳು ಪ್ರವಾಹದಲ್ಲಿ ಬಂದು ಕೂತ ನದಿದಂಡೆ, ಲೋಹ ಕರಗಿಸುವ ಕುಲುಮೆಯ ಧೂಳು ದಶಕಗಳ ಕಾಲ ಬಿದ್ದ ಬಯಲು, ಇಂಥವು. ಜಾಗ ದೊಡ್ಡದಿರಬೇಕು, ಸ್ಯಾಂಪಲ್ ನೂರಾರು ಇರಬೇಕು. ಆಗಲೇ ಈ ವಿಧಾನದ ಲಾಭ.

ಒಗ್ಗದ ಜಾಗಗಳೂ ಇವೆ. ಹಳೆ ಬಣ್ಣದ ಚಕ್ಕೆ ಉದುರಿದ ಅಂಗಳ, ಗುಂಡು ಹೊಡೆಯುವ ತರಬೇತಿ ಮೈದಾನ, ಬ್ಯಾಟರಿ ಒಡೆದ ಜಾಗ. ಇಲ್ಲಿ ಸೀಸ ಜೇಡಿಗೆ ಅಂಟಿಕೊಂಡಿಲ್ಲ, ಚೂರು ಚೂರಾಗಿ ಬಿದ್ದಿದೆ. ಜೇಡಿ ಎಷ್ಟಿದೆ ಅನ್ನುವುದಕ್ಕೂ ಸೀಸ ಎಷ್ಟಿದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ನಿನ್ನೆ ಮೊನ್ನೆ ಸೋರಿದ ರಾಸಾಯನಿಕಕ್ಕೂ ಇದು ಬೇಡ. ಇನ್ನು ನಿಮ್ಮ ಹತ್ತಿರ ಇರುವುದು ಹತ್ತೇ ಸ್ಯಾಂಪಲ್ ಆದರೆ ಸುಮ್ನೆ ಲ್ಯಾಬಿಗೆ ಕಳಿಸಿ. ಹತ್ತು ಸ್ಯಾಂಪಲ್‌ಗೆ ಇಷ್ಟೆಲ್ಲ ತಾಪತ್ರಯ ಯಾಕೆ?

ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಫ್ಲೋರೆಸೆನ್ಸ್ ಯಂತ್ರ ಸಿಗುವುದಾದರೆ ಅದನ್ನೂ ಯೋಚಿಸಿ. ಅದು ಲೋಹವನ್ನೇ ನೇರವಾಗಿ ನೋಡುತ್ತೆ, ಸಹವಾಸವನ್ನಲ್ಲ. ಸೀಸ, ಸತು, ತಾಮ್ರಕ್ಕೆ ಅದೇ ಮೇಲು ಅಂತ ನನ್ನ ಅಭಿಪ್ರಾಯ. ಅದಕ್ಕೂ ಕೊರತೆಗಳಿವೆ: ಕ್ಯಾಡ್ಮಿಯಂ ಕಡಿಮೆ ಇದ್ದಾಗ ಹಿಡಿಯಲ್ಲ, ಸೀಸ ಜಾಸ್ತಿ ಇದ್ದರೆ ಆರ್ಸೆನಿಕ್ ಲೆಕ್ಕ ತಪ್ಪುತ್ತೆ, ಯಾಕೆಂದರೆ ಎರಡೂ ಹೊರಸೂಸುವ ಎಕ್ಸ್‌ರೇಯ ಮುಖ್ಯ ಗೆರೆಗಳು 10.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಒಂದರ ಮೇಲೊಂದು ಕೂರುತ್ತವೆ. ಎರಡೂ ಯಂತ್ರ ಸಿಕ್ಕರೆ ಎರಡರ ಮಾಹಿತಿಯನ್ನೂ ಸೇರಿಸಿ ಬಳಸಿ.

ಯಾವ ಯಂತ್ರ?

ಎರಡು ದಾರಿ ಇವೆ. ಒಂದು, 350ರಿಂದ 2500 ನ್ಯಾನೊಮೀಟರ್‌ವರೆಗೆ ನೋಡುವ ಯಂತ್ರ. ಇದರಲ್ಲಿ ಕಣ್ಣಿಗೆ ಕಾಣುವ ಬೆಳಕೂ ಸೇರಿದೆ, ಸಮೀಪದ ಇನ್‌ಫ್ರಾರೆಡ್ಡೂ ಸೇರಿದೆ. ಹೊಲಕ್ಕೆ ಹೊತ್ತುಕೊಂಡು ಹೋಗಬಹುದು, ಮಣ್ಣನ್ನು ಜಾಸ್ತಿ ಅರೆಯಬೇಕಿಲ್ಲ. ಇನ್ನೊಂದು, ಮಧ್ಯ ಇನ್‌ಫ್ರಾರೆಡ್, ಅಂದರೆ ಸೆಂಟಿಮೀಟರಿಗೆ 4000ದಿಂದ 400 ತರಂಗಸಂಖ್ಯೆಯವರೆಗೆ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗ ಹಿಡಿಸುತ್ತವೆ ಅನ್ನುವ ಲೆಕ್ಕ). ಇಲ್ಲಿ ಗುರುತುಗಳು ಚೂಪಾಗಿ, ಬಿಡಿಬಿಡಿಯಾಗಿ ಕಾಣುತ್ತವೆ. ಕೆಯೊಲಿನೈಟ್ ಜೇಡಿ 3695 ಮತ್ತು 3620ರಲ್ಲಿ, ಸಾವಯವ ಪದಾರ್ಥ 2920 ಮತ್ತು 2850ರಲ್ಲಿ, ಸುಣ್ಣದ ಕಾರ್ಬೊನೇಟ್ 2510ರ ಆಸುಪಾಸಿನಲ್ಲಿ. ಸಾಮಾನ್ಯವಾಗಿ ಮಧ್ಯ ಇನ್‌ಫ್ರಾರೆಡ್ ಅಂದಾಜು ಒಂದು ಕೈ ಮೇಲೇ ಇರುತ್ತೆ. ಆದರೆ ಮಣ್ಣನ್ನು ನುಣ್ಣಗೆ ಅರೆಯಬೇಕು, ಯಂತ್ರ ಮೇಜಿನ ಮೇಲೇ ಕೂರಬೇಕು.

ಕಡಿಮೆ ಬೆಲೆಯ, ಅಂಗೈಯಲ್ಲಿ ಹಿಡಿಯುವ ಸೆನ್ಸರ್‌ಗಳೂ ಬಂದಿವೆ. ತೆಗೆದುಕೊಳ್ಳುವ ಮುಂಚೆ ಅದು ಎಷ್ಟರಿಂದ ಎಷ್ಟು ನ್ಯಾನೊಮೀಟರ್ ನೋಡುತ್ತೆ ಅಂತ ಕೇಳಿ. ಕೆಲವು 1350ರಿಂದ ಶುರುವಾಗುತ್ತವೆ. ಕಬ್ಬಿಣದ ಆಕ್ಸೈಡಿನ ಗುರುತು ಇರುವುದು 400ರಿಂದ 1000ದ ನಡುವೆ. ಹೆಮಟೈಟ್ 530 ಮತ್ತು 870ರ ಹತ್ತಿರ, ಗೋಥೈಟ್ 480 ಮತ್ತು 900 ದಾಟಿದ ಮೇಲೆ. ಆ ಯಂತ್ರಕ್ಕೆ ಕಬ್ಬಿಣವೇ ಕಾಣಲ್ಲ ಅಂದಮೇಲೆ ನಿಮ್ಮ ಅತಿ ಒಳ್ಳೆಯ ಸಾಕ್ಷಿಯೇ ಕೈಬಿಟ್ಟಂತೆ, ಅಲ್ವಾ?

ಹೆಜ್ಜೆ 1: ಮಣ್ಣು ತೆಗೆಯುವುದು

ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸಲಿಕೆ ಬಳಸಿ. ಸತುವಿನ ಲೇಪ ಇರುವ ಬಕೆಟ್, ಬಣ್ಣ ಬಳಿದ ಗುದ್ದಲಿ ಬೇಡವೇ ಬೇಡ. ಪ್ರತಿ ಜಾಗದಲ್ಲಿ ಐದು ಕಡೆ, ಒಂದೇ ಆಳಕ್ಕೆ, ಉದಾಹರಣೆಗೆ ಮೇಲಿನ 15 ಸೆಂಟಿಮೀಟರ್ ತೆಗೆದು ಬೆರೆಸಿ, ಅರ್ಧ ಕೆಜಿಯಷ್ಟು ಇಟ್ಟುಕೊಳ್ಳಿ. ಎಲ್ಲ ಕಡೆ ಆಳ ಒಂದೇ ಇರಲಿ. ಗಾಳಿಯಲ್ಲಿ ಬಂದು ಬಿದ್ದ ಲೋಹ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಕೂತಿರುತ್ತೆ. ಒಂದು ಕಡೆ 5 ಇನ್ನೊಂದು ಕಡೆ 20 ತೆಗೆದರೆ ನೀವು ಅಳೆಯುವುದು ಮಾಲಿನ್ಯವನ್ನಲ್ಲ, ನಿಮ್ಮ ಸಲಿಕೆಯ ಆಳವನ್ನು.

ಕೊಳಕು ಕಂಡ ಕಡೆಯೇ ತೆಗೆಯಬೇಡಿ. ಸ್ವಚ್ಛ ಜಾಗ, ನಡುವಿನ ಜಾಗ, ಕೆಟ್ಟ ಜಾಗ ಮೂರೂ ಬೇಕು. ಮಾಡೆಲ್‌ಗೆ, ಅಂದರೆ ಸ್ಕ್ಯಾನ್ ನೋಡಿ ಲೋಹ ಅಂದಾಜಿಸಲು ನಾವು ಕಟ್ಟುವ ಲೆಕ್ಕಕ್ಕೆ, ಏರಿಳಿತ ಕಾಣಿಸಬೇಕು. ಎಲ್ಲ ಸ್ಯಾಂಪಲ್‌ಗಳಲ್ಲೂ ಸೀಸ 80ರಿಂದ 95ರ ಒಳಗೇ ಇದ್ದರೆ ಅದು ಏನನ್ನು ತಾನೇ ಕಲಿತೀತು?

ಪ್ರತಿ ಜಾಗದ ಅಕ್ಷಾಂಶ ರೇಖಾಂಶ ಬರೆದಿಡಿ. ಇದು ಆಮೇಲೆ ತುಂಬಾ ಬೇಕಾಗುತ್ತೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಒಣಗಿಸಿ, ಜರಡಿ ಹಿಡಿದು, ಅರೆಯುವುದು

ನೆರಳಿನಲ್ಲಿ ಗಾಳಿಗೆ ಒಣಗಿಸಿ, ಇಲ್ಲವೇ 40 ಡಿಗ್ರಿ ಮೀರದ ಓವನ್ನಿನಲ್ಲಿಡಿ. ಪಾದರಸ ಅಳೆಯುವುದಿದ್ದರೆ ಓವನ್ ಬಿಟ್ಟು ಗಾಳಿಗೇ ಒಣಗಿಸಿ, ಬಿಸಿಗೆ ಅದು ಹಾರಿಹೋಗುತ್ತೆ. ಹೆಂಟೆ ಒಡೆದು, ಬೇರು ಕಲ್ಲು ಆರಿಸಿ, 2 ಮಿಲಿಮೀಟರ್ ನೈಲಾನ್ ಜರಡಿಯಲ್ಲಿ ಸೋಸಿ. ಹಿತ್ತಾಳೆ ಜರಡಿ ಬೇಡ, ಅದರಲ್ಲಿರುವುದೇ ತಾಮ್ರ ಮತ್ತು ಸತು.

ಮಧ್ಯ ಇನ್‌ಫ್ರಾರೆಡ್ ಆದರೆ ಇನ್ನೂ ನುಣ್ಣಗೆ, 0.1 ಮಿಲಿಮೀಟರಿನಷ್ಟು ಅರೆಯಬೇಕು. ಅಗೇಟ್ ಕಲ್ಲಿನ ಕುಟ್ಟಾಣಿ ಒಳ್ಳೆಯದು. ಈ ವಿಷಯದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಬೇಗ ಆಗಲಿ ಅಂತ ಕ್ರೋಮ್ ಸ್ಟೀಲ್ ಬಟ್ಟಲಿನ ಮಿಲ್ಲಿನಲ್ಲಿ ಅರೆಸಿದೆ. ಮರಳು ಜಾಸ್ತಿ ಇದ್ದ ಮಣ್ಣುಗಳಲ್ಲೆಲ್ಲ ಕ್ರೋಮಿಯಂ ಏರಿತು. ಎರಡು ವಾರ ತಲೆ ಕೆಡಿಸಿಕೊಂಡು ಆ ಕ್ರೋಮಿಯಂ ಎಲ್ಲಿಂದ ಬಂತು ಅಂತ ನಕ್ಷೆ ನೋಡುತ್ತಾ ಕೂತಿದ್ದೆ. ಬಂದಿದ್ದು ಬಟ್ಟಲಿನಿಂದ! ಮರಳು ಬಟ್ಟಲನ್ನು ಉಜ್ಜಿತ್ತು, ಅಷ್ಟೆ. ಟಂಗ್‌ಸ್ಟನ್ ಕಾರ್ಬೈಡ್ ಬಟ್ಟಲಾದರೆ ಇದೇ ತೊಂದರೆ ಕೋಬಾಲ್ಟ್ ರೂಪದಲ್ಲಿ ಬರುತ್ತೆ.

ಅರೆಯುವಾಗ ಮಾಸ್ಕ್ ಹಾಕಿ. ಇದು ಮಾಮೂಲಿ ಧೂಳಲ್ಲ, ಸೀಸದ ಧೂಳು ಇರಬಹುದು. ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಹೆಜ್ಜೆ 3: ಲ್ಯಾಬಿನ ಅಳತೆ, ಇದಿಲ್ಲದೆ ಏನೂ ಇಲ್ಲ

ಇನ್‌ಫ್ರಾರೆಡ್‌ಗೆ ಪಾಠ ಹೇಳಿಕೊಡುವ ಗುರು ಬೇಕು. ಆ ಗುರು ಅಂದರೆ ರಾಸಾಯನಿಕ ಪರೀಕ್ಷೆ. ಒಟ್ಟು ಸ್ಯಾಂಪಲ್‌ಗಳಲ್ಲಿ ಒಂದು ಭಾಗವನ್ನು ಆರಿಸಿ ಲ್ಯಾಬಿಗೆ ಕಳಿಸಬೇಕು. ಒಂದೇ ಬಗೆಯ ಮಣ್ಣಿರುವ ಒಂದು ಜಾಗಕ್ಕೆ 80–100 ಸ್ಯಾಂಪಲ್ ಇಲ್ಲದೆ ನಾನು ಈ ಕೆಲಸ ಶುರು ಮಾಡುವುದಿಲ್ಲ. ಮಣ್ಣಿನ ಬಗೆ ಹೆಚ್ಚಿದಂತೆ ಸಂಖ್ಯೆಯೂ ಹೆಚ್ಚಬೇಕು. ಆರಿಸುವುದಕ್ಕೆ ಒಂದು ಜಾಣತನ ಇದೆ. ಮೊದಲು ಎಲ್ಲ ಮಣ್ಣನ್ನೂ ಸ್ಕ್ಯಾನ್ ಮಾಡಿಬಿಡಿ, ಹೇಗೂ ಸ್ಕ್ಯಾನಿಗೆ ಖರ್ಚಿಲ್ಲ. ಆಮೇಲೆ ಕೆನಾರ್ಡ್-ಸ್ಟೋನ್ ಅನ್ನುವ 1969ರ ಹಳೆ ಲೆಕ್ಕದಿಂದ ಒಂದಕ್ಕೊಂದು ಆದಷ್ಟೂ ಬೇರೆಯಾಗಿ ಕಾಣುವ ಸ್ಪೆಕ್ಟ್ರಮ್‌ಗಳನ್ನು (ಯಾವ ತರಂಗದಲ್ಲಿ ಎಷ್ಟು ಬೆಳಕು ಅಂತ ಸ್ಕ್ಯಾನ್ ಕೊಡುವ ಗೆರೆ) ಹೆಕ್ಕಿ, ಆ ಮಣ್ಣುಗಳನ್ನು ಮಾತ್ರ ಲ್ಯಾಬಿಗೆ ಕಳಿಸಿ. ಅದರ ಜೊತೆಗೆ ಇಪ್ಪತ್ತು ಮೂವತ್ತನ್ನು ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ ಆರಿಸಿ ಕಳಿಸಿ. ಇವು ಕೊನೆಯ ಪರೀಕ್ಷೆಗೆ.

ಲ್ಯಾಬಿನವರು ಸಾಮಾನ್ಯವಾಗಿ ಆಕ್ವಾ ರೀಜಿಯಾದಲ್ಲಿ, ಅಂದರೆ ಮೂರು ಪಾಲು ಹೈಡ್ರೋಕ್ಲೋರಿಕ್ ಒಂದು ಪಾಲು ನೈಟ್ರಿಕ್ ಆಮ್ಲದಲ್ಲಿ ಮಣ್ಣನ್ನು ಕುದಿಸಿ, ಐಸಿಪಿ ಅನ್ನುವ, ದ್ರಾವಣದಲ್ಲಿರುವ ಲೋಹ ಹಿಡಿಯುವ ಯಂತ್ರದಲ್ಲಿ ಅಳೆಯುತ್ತಾರೆ. ಇದರಲ್ಲಿ ಮಣ್ಣು ಪೂರ್ತಿ ಕರಗುವುದಿಲ್ಲ, ಸಿಲಿಕೇಟ್ ಖನಿಜದೊಳಗೆ ಸಿಕ್ಕಿಕೊಂಡ ಲೋಹ ಹಾಗೇ ಉಳಿಯುತ್ತೆ. ಎಕ್ಸ್‌ರೇ ಯಂತ್ರ ಕೊಡುವುದು ಪೂರ್ತಿ ಲೆಕ್ಕ. ಹಾಗಾಗಿ ಅರ್ಧ ಸ್ಯಾಂಪಲ್ ಆಮ್ಲದಲ್ಲಿ, ಅರ್ಧ ಎಕ್ಸ್‌ರೇಯಲ್ಲಿ ಅಳೆದು ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ. ಗಿಡಕ್ಕೆ ಸಿಗುವ ಲೋಹ ಬೇಕಿದ್ದರೆ ಡಿಟಿಪಿಎ ಅಥವಾ ಇಡಿಟಿಎ ಅನ್ನುವ, ಸಡಿಲವಾಗಿರುವ ಲೋಹವನ್ನಷ್ಟೇ ಎಳೆದು ತೆಗೆಯುವ ರಾಸಾಯನಿಕದ ವಿಧಾನ ಕೇಳಿ. ಅದು ಬೇರೆಯೇ ಸಂಖ್ಯೆ, ಅದಕ್ಕೆ ಬೇರೆಯೇ ಮಾಡೆಲ್. ಆಮ್ಲದ ಕೆಲಸವನ್ನು ಮನೆಯಲ್ಲಿ ಮಾಡುವ ಸಾಹಸ ಬೇಡ, ಅದರಿಂದ ಏಳುವ ಹೊಗೆಯಲ್ಲಿ ಕ್ಲೋರಿನ್ ಇರುತ್ತೆ.

ಲ್ಯಾಬನ್ನು ಕಣ್ಣು ಮುಚ್ಚಿ ನಂಬಬೇಡಿ. ಪ್ರತಿ ಇಪ್ಪತ್ತಕ್ಕೆ ಒಂದೆರಡು ಸ್ಯಾಂಪಲ್‌ಗಳನ್ನು ಬೇರೆ ಹೆಸರಿನಲ್ಲಿ ಎರಡನೇ ಸಲ ಕಳಿಸಿ. ಪ್ರಮಾಣ ಗೊತ್ತಿರುವ, ದೃಢೀಕರಿಸಿದ ಮಣ್ಣಿನ ಸ್ಯಾಂಪಲ್‌ಗಳು ಸಿಗುತ್ತವೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 2709, 2710, 2711 ಸರಣಿಯ ಮಣ್ಣುಗಳು ಇದಕ್ಕೆಂದೇ ಇವೆ. ಅವನ್ನೂ ನಡುವೆ ಸೇರಿಸಿ. ಒಂದೇ ಮಣ್ಣಿಗೆ ಲ್ಯಾಬು ಒಮ್ಮೆ 60, ಇನ್ನೊಮ್ಮೆ 85 ಕೊಟ್ಟರೆ ನಿಮ್ಮ ಇನ್‌ಫ್ರಾರೆಡ್ ಮಾಡೆಲ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕಿಂತ ನಿಖರ ಆಗಲಾರದು. ಗುರುವೇ ತಡವರಿಸಿದರೆ ಶಿಷ್ಯ ಏನು ಮಾಡಿಯಾನು.

ವರದಿಯಲ್ಲಿ "ಪತ್ತೆ ಮಿತಿಗಿಂತ ಕಡಿಮೆ" ಅಂತ ಬಂದ ಕಡೆ ಸೊನ್ನೆ ಹಾಕಬೇಡಿ. ಕ್ಯಾಡ್ಮಿಯಂ ಶುದ್ಧ ಮಣ್ಣಿನಲ್ಲಿ ಸಾಮಾನ್ಯವಾಗಿ ಕೆಜಿಗೆ 1 ಮಿಲಿಗ್ರಾಂಗಿಂತ ಕಡಿಮೆಯೇ ಇರುತ್ತೆ, ಹಾಗಾಗಿ ಇದು ಆಗಾಗ ಬರುತ್ತೆ. ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸ್ಯಾಂಪಲ್‌ಗೆ ಹೀಗೆ ಬಂದರೆ ಆ ಲೋಹವನ್ನು ನಾನು ಕೈಬಿಡುತ್ತೇನೆ.

ಹೆಜ್ಜೆ 4: ಸ್ಕ್ಯಾನ್

ಯಂತ್ರ ಹಚ್ಚಿ ಅರ್ಧ ಗಂಟೆ ಬಿಡಿ, ಬಿಸಿಯಾಗಿ ಸ್ಥಿರವಾಗಲಿ. ಹೋಲಿಕೆಗೆ ಇಟ್ಟುಕೊಳ್ಳುವ ಬಿಳಿ ಫಲಕದ ಓದು ತೆಗೆಯಿರಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ಫಲಕದ ಮೇಲೆ ಬೆರಳು ಇಡಬೇಡಿ. ಮಣ್ಣನ್ನು ಬಟ್ಟಲಿಗೆ ಹಾಕಿ, ಮೇಲ್ಮೈ ಸಮ ಮಾಡಿ, ಜಾಸ್ತಿ ಒತ್ತದೆ, ಬಟ್ಟಲನ್ನು ತಿರುಗಿಸುತ್ತಾ ಮೂರು ನಾಲ್ಕು ಸಲ ಓದಿಸಿ ಸರಾಸರಿ ತೆಗೆಯಿರಿ. ಮಧ್ಯ ಇನ್‌ಫ್ರಾರೆಡ್‌ನಲ್ಲಿ 4 ತರಂಗಸಂಖ್ಯೆಯ ಸೂಕ್ಷ್ಮತೆ, 32 ಅಥವಾ 64 ಸ್ಕ್ಯಾನಿನ ಸರಾಸರಿ ಸಾಕು. ಅಲ್ಲಿ 2350ರ ಹತ್ತಿರ ಒಂದು ಜೋಡಿ ಗುರುತು ಏಳುವುದು ಬೀಳುವುದು ಮಾಡುತ್ತಿದ್ದರೆ ಅದು ಮಣ್ಣಲ್ಲ, ಕೋಣೆಯ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಅರ್ಧ ನಿಮ್ಮದೇ ಉಸಿರು.

ಹರಳಿನ ಮೇಲೆ ಮಣ್ಣು ಒತ್ತಿ ಓದುವ ಎಟಿಆರ್ ಬಗೆಯ ಯಂತ್ರ ಇದ್ದರೆ ಹರಳು ಯಾವುದು ಅಂತ ನೋಡಿಕೊಳ್ಳಿ. ವಜ್ರ ಆದರೆ ಸರಿ. ಜಿಂಕ್ ಸೆಲೆನೈಡ್ ಆದರೆ ಮಣ್ಣಿನ ಮರಳು ಅದನ್ನು ಗೀಚಿ ಹಾಳು ಮಾಡುತ್ತೆ.

ಒಂದೇ ಮಣ್ಣನ್ನು, ಒಂದು ಡಬ್ಬಿಯಲ್ಲಿ ಇಟ್ಟುಕೊಂಡು, ಪ್ರತಿ ದಿನ ಬೆಳಿಗ್ಗೆ ಸಂಜೆ ಓದಿಸಿ. ಈ ಡಬ್ಬಿ ಮಣ್ಣಿನ ಓದು ಬದಲಾದರೆ ಬದಲಾಗಿದ್ದು ಯಂತ್ರ. ಮಣ್ಣುಗಳನ್ನು ಕ್ರಮ ಕಲಸಿ ಓದಿಸುವುದೂ ಮುಖ್ಯ. ಸೋಮವಾರ ಎಲ್ಲ ಶುದ್ಧ ಮಣ್ಣು, ಮಂಗಳವಾರ ಎಲ್ಲ ಕೆಟ್ಟ ಮಣ್ಣು ಅಂತ ಮಾಡಿದರೆ ಮಾಡೆಲ್ ಮಾಲಿನ್ಯ ಕಲಿಯುವ ಬದಲು ವಾರ ಯಾವುದು ಅಂತ ಕಲಿತುಬಿಡುತ್ತೆ.

ತೇವದ ಮಣ್ಣನ್ನು ಹೊಲದಲ್ಲೇ ಓದಿಸುವ ಆಸೆ ಎಲ್ಲರಿಗೂ ಇರುತ್ತೆ. ನೀರು 1400 ಮತ್ತು 1900 ನ್ಯಾನೊಮೀಟರ್ ಹತ್ತಿರ ಬೆಳಕನ್ನು ಗಬಕ್ಕನೆ ನುಂಗುತ್ತೆ, ಇಡೀ ಮಣ್ಣನ್ನು ಕಪ್ಪಗೆ ಮಾಡುತ್ತೆ. ಅದನ್ನು ಲೆಕ್ಕದಲ್ಲಿ ಕಳೆಯುವ ವಿಧಾನಗಳಿವೆ, ಆದರೆ ಮೊದಲ ಸಲ ಮಾಡುವವರು ಒಣಗಿಸಿಯೇ ಓದಿಸಿ.

ಹೆಜ್ಜೆ 5: ಸ್ಪೆಕ್ಟ್ರಮ್ ಹಸನು ಮಾಡುವುದು

ಇದನ್ನು ಬೇಗ ಮುಗಿಸೋಣ. ಪ್ರತಿಫಲನವನ್ನು ಹೀರಿಕೆಗೆ ಬದಲಿಸಿ, ಅಂದರೆ ಒಂದನ್ನು ಪ್ರತಿಫಲನದಿಂದ ಭಾಗಿಸಿ ಲಾಗ್ ತೆಗೆಯಿರಿ. ತುದಿಗಳಲ್ಲಿ ಗದ್ದಲ ಇರುವ ಭಾಗ ಕತ್ತರಿಸಿ. ಸವಿಟ್ಸ್‌ಕಿ-ಗೊಲೆ ಲೆಕ್ಕದಿಂದ ನಯ ಮಾಡಿ, ಬೇಕಾದರೆ ಮೊದಲ ಡೆರಿವೇಟಿವ್, ಅಂದರೆ ಗೆರೆಯ ಇಳಿಜಾರು, ತೆಗೆಯಿರಿ. ಮಣ್ಣಿನ ಕಾಳಿನ ಗಾತ್ರದಿಂದ ಆಗುವ ಏರಿಳಿತ ಕಳೆಯಲು ಎಸ್‌ಎನ್‌ವಿ ಮಾಡಿ, ಅಂದರೆ ಪ್ರತಿ ಸ್ಪೆಕ್ಟ್ರಮ್‌ನಿಂದ ಅದರ ಸರಾಸರಿ ಕಳೆದು ಅದರ ಹರಡುವಿಕೆಯಿಂದ ಭಾಗಿಸಿ. ಮೂರು ಡಿಟೆಕ್ಟರ್ ಇರುವ ಯಂತ್ರಗಳಲ್ಲಿ 1000 ಮತ್ತು 1800 ನ್ಯಾನೊಮೀಟರ್ ಹತ್ತಿರ ಒಂದು ಮೆಟ್ಟಿಲು ಕಾಣಬಹುದು, ಅದನ್ನು ಮೊದಲೇ ಸರಿಪಡಿಸಿ. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪ್ರಾಸ್ಪೆಕ್ಟರ್ ಪ್ಯಾಕೇಜಿನಲ್ಲಿ ಇದೆಲ್ಲ ಸಿದ್ಧ ಇದೆ. ಪೈಥಾನ್ ಬಲ್ಲವರಿಗೆ ಸೈಕಿಟ್-ಲರ್ನ್, ಸೈಪೈ ಸಾಕು. ಹತ್ತು ಬಗೆಯ ಹಸನು ಮಾಡಿ ಯಾವುದರಲ್ಲಿ ಅಂಕ ಜಾಸ್ತಿ ಬಂತೋ ಅದನ್ನೇ ಆರಿಸುವ ಚಟ ಕೆಲವರಿಗಿದೆ. ಅದು ಲಾಟರಿ ಆಡಿದ ಹಾಗೆ.

ಹೆಜ್ಜೆ 6: ಮಾಡೆಲ್ ಕಟ್ಟುವುದು

ಲೋಹದ ಸಂಖ್ಯೆಗಳು ಸಾಮಾನ್ಯವಾಗಿ ಒಂದೇ ಕಡೆ ವಾಲಿರುತ್ತವೆ: ಬಹಳಷ್ಟು ಸಣ್ಣವು, ಒಂದೆರಡು ಬೆಟ್ಟದಷ್ಟು. ಹಾಗಾಗಿ ಲಾಗ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಆ ಎರಡು ಬೆಟ್ಟಗಳೇ ಇಡೀ ಗೆರೆಯನ್ನು ಎಳೆದುಕೊಂಡು ಹೋಗುತ್ತವೆ.

ಶುರುವಿಗೆ ಪಿಎಲ್‌ಎಸ್ (ಪಾರ್ಶಿಯಲ್ ಲೀಸ್ಟ್ ಸ್ಕ್ವೇರ್ಸ್) ರಿಗ್ರೆಶನ್ ಸಾಕು. ಸ್ಪೆಕ್ಟ್ರಮ್‌ನಲ್ಲಿ ಸಾವಿರಾರು ಅಂಕಿಗಳಿವೆ, ಅಕ್ಕಪಕ್ಕದವು ಒಂದೇ ಥರ ಇರುತ್ತವೆ. ಅವನ್ನು ಕೆಲವೇ ಘಟಕಗಳಿಗೆ ಇಳಿಸುವುದು ಇದರ ಕೆಲಸ. ಆರೇಳು ಘಟಕ ಬಂದರೆ ಸರಿ, ಹದಿನೆಂಟು ಇಪ್ಪತ್ತು ಕೇಳುತ್ತಿದ್ದರೆ ಮಾಡೆಲ್ ಬಾಯಿಪಾಠ ಮಾಡುತ್ತಿದೆ ಅಂತ ಅರ್ಥ. ರ್‍ಯಾಂಡಮ್ ಫಾರೆಸ್ಟ್, ಕ್ಯೂಬಿಸ್ಟ್, ನ್ಯೂರಲ್ ನೆಟ್‌ವರ್ಕ್‌ನಂಥ ಜಟಿಲ ಲೆಕ್ಕಗಳೆಲ್ಲ ಆಮೇಲೆ. ನೂರು ಸ್ಯಾಂಪಲ್ ಇಟ್ಟುಕೊಂಡು ಡೀಪ್ ಲರ್ನಿಂಗ್ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತೆ.

ಒಂದೊಂದು ಲೋಹಕ್ಕೂ ಒಂದೊಂದು ಮಾಡೆಲ್. ನಿಕ್ಕಲ್, ಕ್ರೋಮಿಯಂ ಬಂಡೆಯಿಂದಲೇ ಕಬ್ಬಿಣದ ಜೊತೆ ಬಂದ ಕಡೆ ಅಂದಾಜು ಸಲೀಸು. ಪಾದರಸ, ಕ್ಯಾಡ್ಮಿಯಂ ಸತಾಯಿಸುತ್ತವೆ. ಇನ್ನೊಂದು ಮಾತು: ವಿಷಕಾರಿ ಆರನೇ ವೇಲೆನ್ಸಿಯ ಕ್ರೋಮಿಯಂ ಎಷ್ಟು, ಅಷ್ಟೇನೂ ತೊಂದರೆ ಕೊಡದ ಮೂರನೆಯದು ಎಷ್ಟು ಅಂತ ಈ ವಿಧಾನದಲ್ಲಿ ಬೇರ್ಪಡಿಸಿ ಹೇಳಲು ಹೋಗಬೇಡಿ.

ಹೆಜ್ಜೆ 7: ನಿಮ್ಮನ್ನು ನೀವೇ ಅನುಮಾನಿಸುವುದು

ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಮೊದಲ ಮಾಡೆಲ್‌ಗೆ ಆರ್-ಸ್ಕ್ವೇರ್ (ಅಂದಾಜು ನಿಜಕ್ಕೆ ಎಷ್ಟು ಹೊಂದುತ್ತೆ ಅನ್ನುವ ಅಂಕ, 1 ಅಂದರೆ ಪೂರ್ತಿ ಹೊಂದಿಕೆ) 0.93 ಬಂದಿತ್ತು. ಖುಷಿಯಲ್ಲಿ ಎಲ್ಲರಿಗೂ ತೋರಿಸಿದೆ. ಪಕ್ಕದ ಬಯಲಿನ ಮಣ್ಣು ತಂದು ನೋಡಿದರೆ ಅಂದಾಜಿಗೂ ನಿಜಕ್ಕೂ ಸಂಬಂಧವೇ ಇಲ್ಲ. ಆಗಿದ್ದೇನು? ಪ್ರತಿ ಮಣ್ಣನ್ನೂ ನಾಲ್ಕು ಸಲ ಓದಿಸಿದ್ದೆ, ಸರಾಸರಿ ತೆಗೆಯದೆ ನಾಲ್ಕನ್ನೂ ಬೇರೆ ಬೇರೆ ಸ್ಯಾಂಪಲ್ ಅಂತ ಹಾಕಿದ್ದೆ. ಒಂದೇ ಮಣ್ಣಿನ ಎರಡು ಓದು ಕಲಿಯುವ ಗುಂಪಿಗೆ, ಎರಡು ಪರೀಕ್ಷೆಯ ಗುಂಪಿಗೆ ಹೋಗಿತ್ತು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗ ಪಾಸಾಗದೆ ಇರುತ್ತಾನಾ?

ಅದಕ್ಕೇ ಅಕ್ಷಾಂಶ ರೇಖಾಂಶ ಬರೆದಿಡಿ ಅಂದಿದ್ದು. ಅಕ್ಕಪಕ್ಕದ ಮಣ್ಣುಗಳು ಅಣ್ಣತಮ್ಮಂದಿರ ಹಾಗೆ. ಅವನ್ನು ಕಲಿಕೆ ಪರೀಕ್ಷೆ ಅಂತ ಬೇರೆ ಬೇರೆ ಗುಂಪಿಗೆ ಹಾಕಿದರೂ ಮೋಸವೇ. ಜಾಗವನ್ನು ನಾಲ್ಕೈದು ತುಂಡು ಮಾಡಿ, ಒಂದು ತುಂಡನ್ನು ಪೂರ್ತಿ ಹೊರಗಿಟ್ಟು ಉಳಿದವುಗಳಿಂದ ಮಾಡೆಲ್ ಕಟ್ಟಿ, ಹೊರಗಿಟ್ಟದ್ದರ ಮೇಲೆ ಪರೀಕ್ಷಿಸಿ. ಹೀಗೆ ಪ್ರತಿ ತುಂಡಿಗೂ ಮಾಡಿ. ಅಂಕ ಕಡಿಮೆ ಬರುತ್ತೆ. ಆ ಕಡಿಮೆ ಅಂಕವೇ ನಿಮ್ಮ ನಿಜವಾದ ಅಂಕ.

ಇನ್ನೊಂದು ಪರೀಕ್ಷೆ, ನನಗೆ ತುಂಬಾ ಇಷ್ಟವಾದದ್ದು. ಲೋಹದ ಸಂಖ್ಯೆಗಳನ್ನು ಇಸ್ಪೀಟ್ ಎಲೆ ಕಲಸಿದ ಹಾಗೆ ಕಲಸಿ, ಯಾವ ಮಣ್ಣಿಗೋ ಯಾವ ಸಂಖ್ಯೆಯೋ ಹಾಕಿ ಮತ್ತೆ ಮಾಡೆಲ್ ಕಟ್ಟಿ. ನೂರು ಸಲ ಹೀಗೆ ಮಾಡಿ. ಕಲಸಿದ ಸಂಖ್ಯೆಗಳಿಗೂ ಒಳ್ಳೆ ಅಂಕ ಬರುತ್ತಿದ್ದರೆ ನಿಮ್ಮ ವಿಧಾನದಲ್ಲೇ ಎಲ್ಲೋ ತೂತು ಇದೆ.

ಮೂರನೆಯದು, ಸಹವಾಸ ನಿಜವಾಗಿ ಇದೆಯಾ ಅನ್ನುವ ಪರೀಕ್ಷೆ. ಲ್ಯಾಬಿಗೆ ಕಳಿಸುವಾಗ ಕಬ್ಬಿಣ, ಸಾವಯವ ಇಂಗಾಲ, ಜೇಡಿಯ ಪ್ರಮಾಣ ಇವನ್ನೂ ಅಳೆಸಿ. ಆಮೇಲೆ ಒಂದು ಮಾಮೂಲಿ ಗ್ರಾಫ್ ಹಾಕಿ: ಒಂದು ಕಡೆ ಸೀಸ, ಇನ್ನೊಂದು ಕಡೆ ಸಾವಯವ ಇಂಗಾಲ. ಚುಕ್ಕಿಗಳು ಒಂದು ದಾರಿ ಹಿಡಿದು ನಡೆದರೆ ಮಾಡೆಲ್ ಯಾಕೆ ಕೆಲಸ ಮಾಡುತ್ತಿದೆ ಅಂತ ನಿಮಗೆ ಗೊತ್ತಾಯಿತು. ಯಾವುದರ ಜೊತೆಗೂ ಸೀಸಕ್ಕೆ ನಂಟಿಲ್ಲ, ಆದರೂ ಮಾಡೆಲ್ ಚೆನ್ನಾಗಿದೆ ಅಂದರೆ ಹೆದರಬೇಕು. ಮಾಡೆಲ್ ಯಾವ ತರಂಗಾಂತರಗಳಿಗೆ ತೂಕ ಕೊಟ್ಟಿದೆ ಅಂತಲೂ ನೋಡಿ. 2200ರ ಜೇಡಿ, 500 ಮತ್ತು 900ರ ಕಬ್ಬಿಣ ಆದರೆ ನಂಬಬಹುದು. ಡಿಟೆಕ್ಟರ್ ಬದಲಾಗುವ ಮೆಟ್ಟಿಲಿನ ಮೇಲೋ ತುದಿಯ ಗದ್ದಲದ ಮೇಲೋ ತೂಕ ಬಿದ್ದಿದ್ದರೆ ಮಾಡೆಲ್ ಕಸದ ಬುಟ್ಟಿಗೆ.

ಅಂಕ ಹೇಳುವಾಗ ಆರ್-ಸ್ಕ್ವೇರ್ ಒಂದನ್ನೇ ಹೇಳಬೇಡಿ. ತಪ್ಪಿನ ಸರಾಸರಿಯನ್ನು, ಅಂದರೆ ಆರ್‌ಎಂಎಸ್‌ಇಯನ್ನು, ಕೆಜಿಗೆ ಎಷ್ಟು ಮಿಲಿಗ್ರಾಂ ಅಂತ ಹೇಳಿ. ಓದುವವರಿಗೆ ಉಪಯೋಗ ಅದರಿಂದ. ಜೊತೆಗೆ ಆರ್‌ಪಿಡಿ ಹೇಳುವ ವಾಡಿಕೆ ಇದೆ: ಸಂಖ್ಯೆಗಳ ಹರಡುವಿಕೆಯನ್ನು ತಪ್ಪಿನಿಂದ ಭಾಗಿಸಿದ್ದು. 2 ದಾಟಿದರೆ ಚೆನ್ನ, 1.4ರ ಕೆಳಗೆ ಬೇಡ ಅಂತ ಬಹಳ ಜನ ಹೇಳುತ್ತಾರೆ. ಆದರೆ ಒಂದೆರಡು ಬೆಟ್ಟದಂಥ ಸಂಖ್ಯೆ ಇದ್ದರೆ ಹರಡುವಿಕೆ ಉಬ್ಬಿ ಆರ್‌ಪಿಡಿಯೂ ಉಬ್ಬುತ್ತೆ. ಅಂಥ ಕಡೆ ಆರ್‌ಪಿಐಕ್ಯು ಮೇಲು, ಅದು ನಡುವಿನ ಅರ್ಧದಷ್ಟು ಸ್ಯಾಂಪಲ್‌ಗಳ ಹರಡುವಿಕೆಯನ್ನು ಮಾತ್ರ ನೋಡುತ್ತೆ.

ಹೆಜ್ಜೆ 8: ಸಂಖ್ಯೆಯನ್ನು ಬಳಸುವುದು

ಈ ಅಂದಾಜನ್ನು ಜರಡಿಯ ಹಾಗೆ ಬಳಸಿ, ತಕ್ಕಡಿಯ ಹಾಗೆ ಅಲ್ಲ. ಒಂದು ಲೆಕ್ಕ ಕೊಡುತ್ತೇನೆ, ಸಂಖ್ಯೆಗಳು ಬರೀ ಉದಾಹರಣೆಗೆ. ನೀವು ಪಾಲಿಸಬೇಕಾದ ಮಿತಿ ಕೆಜಿಗೆ 100 ಮಿಲಿಗ್ರಾಂ. ನಿಮ್ಮ ಮಾಡೆಲ್‌ನ ತಪ್ಪು 20. ಅದರ ಎರಡು ಪಟ್ಟು, 40, ಎರಡೂ ಕಡೆ ಬಿಡಿ. 60ಕ್ಕಿಂತ ಕಡಿಮೆ ಬಂದ ಮಣ್ಣನ್ನು ಸದ್ಯಕ್ಕೆ ಬಿಡಬಹುದು. 140 ದಾಟಿದ್ದನ್ನು ಕೆಟ್ಟದ್ದು ಅಂತ ಗುರುತು ಹಾಕಬಹುದು. ನಡುವಿನದ್ದೆಲ್ಲ ಲ್ಯಾಬಿಗೆ. ಐನೂರು ಸ್ಯಾಂಪಲ್‌ಗಳಲ್ಲಿ ನಡುವೆ ಸಿಕ್ಕಿಕೊಂಡಿದ್ದು ಎಪ್ಪತ್ತೇ ಆದರೆ ನಿಮ್ಮ ಕೆಲಸ ಸಾರ್ಥಕ. ನಾನೂರು ನಡುವೆಯೇ ಸಿಕ್ಕಿಕೊಂಡರೆ ಈ ಮಾಡೆಲ್‌ನಿಂದ ಏನೂ ಉಳಿತಾಯ ಆಗಲಿಲ್ಲ ಅಂತ ಒಪ್ಪಿಕೊಂಡುಬಿಡಿ. ಮಾಡೆಲ್ ಲಾಗ್‌ನಲ್ಲಿ ಕಟ್ಟಿದ್ದರೆ ದೊಡ್ಡ ಸಂಖ್ಯೆಗಳ ಕಡೆ ತಪ್ಪೂ ದೊಡ್ಡದಾಗುತ್ತೆ, ಅದಕ್ಕೆ ತಕ್ಕಂತೆ ಮೇಲಿನ ಗಡಿ ಇನ್ನಷ್ಟು ಅಗಲ ಮಾಡಿ.

ಯಾರದೋ ಮನೆ ಖಾಲಿ ಮಾಡಿಸುವ, ಯಾರ ಮೇಲೋ ಕೇಸು ಹಾಕುವ ತೀರ್ಮಾನ ಇದ್ದರೆ ಇನ್‌ಫ್ರಾರೆಡ್ ಸಂಖ್ಯೆ ಒಂದನ್ನೇ ಮುಂದಿಡಬೇಡಿ. ಅಲ್ಲಿ ಆಮ್ಲದಲ್ಲಿ ಕರಗಿಸಿ ಅಳೆದ ಸಂಖ್ಯೆಯೇ ಬೇಕು.

ಹೊಸ ಮಣ್ಣು ಬಂದಾಗ ಅಂದಾಜು ನೋಡುವ ಮುಂಚೆ ಅದು ಮಾಡೆಲ್‌ಗೆ ಪರಿಚಯದ ಮಣ್ಣಾ ಅಂತ ನೋಡಿ. ಪ್ರತಿ ಸ್ಪೆಕ್ಟ್ರಮ್ಮನ್ನು ಎರಡು ಮೂರು ಅಂಕಿಗೆ ಇಳಿಸಿ ಚುಕ್ಕಿ ಹಾಕುವ ಪ್ರಿನ್ಸಿಪಲ್ ಕಾಂಪೊನೆಂಟ್ ಗ್ರಾಫಿನಲ್ಲಿ ಹಳೆ ಚುಕ್ಕಿಗಳ ಗುಂಪಿನಿಂದ ದೂರ ಬಿದ್ದರೆ, ಗುಂಪಿನಿಂದ ಎಷ್ಟು ದೂರ ಅಂತ ಹೇಳುವ ಮಹಲನೋಬಿಸ್ ಲೆಕ್ಕ ಜಾಸ್ತಿ ಬಂದರೆ, ಆ ಅಂದಾಜಿಗೆ ಬೆಲೆ ಇಲ್ಲ. ಕೆಂಪು ಮಣ್ಣಿನಲ್ಲಿ ಕಲಿತ ಮಾಡೆಲ್ ಕಪ್ಪು ಮಣ್ಣಿಗೂ ಒಂದು ಸಂಖ್ಯೆ ಕೊಡುತ್ತೆ, ಕೊಡದೆ ಇರುವುದಿಲ್ಲ. ಗೊತ್ತಿಲ್ಲ ಅನ್ನುವುದು ಅದಕ್ಕೆ ಬರುವುದಿಲ್ಲ. ಯುರೋಪಿನ ಲೂಕಾಸ್‌ನಂಥ ದೊಡ್ಡ ಸ್ಪೆಕ್ಟ್ರಮ್ ಸಂಗ್ರಹಗಳು ಉಚಿತವಾಗಿ ಸಿಗುತ್ತವೆ. ಜೇಡಿ, ಇಂಗಾಲದ ಅಂದಾಜಿಗೆ ಅವು ಸಹಾಯಕ್ಕೆ ಬರಬಹುದು, ಆದರೆ ನಿಮ್ಮ ಜಾಗದ ಕ್ಯಾಡ್ಮಿಯಂ ಹೇಳುವುದಕ್ಕಲ್ಲ. ಇಂಗಾಲ ಎಲ್ಲಿದ್ದರೂ ಇಂಗಾಲವೇ. ಕ್ಯಾಡ್ಮಿಯಂ ಒಂದು ಕಡೆ ಕೆಸರಿನ ಜೊತೆ ಬಂದಿರುತ್ತೆ, ಇನ್ನೊಂದು ಕಡೆ ರಂಜಕದ ಗೊಬ್ಬರದ ಜೊತೆ.

ಉಳಿದ ಮಣ್ಣನ್ನು ಬಿಸಾಡಬೇಡಿ. ಮುಚ್ಚಳ ಬಿಗಿದ ಡಬ್ಬಿಗಳಲ್ಲಿ ಹೆಸರು, ಆಳ, ತಾರೀಕು ಬರೆದು ಒಣಗಿದ ಜಾಗದಲ್ಲಿಡಿ. ಯಂತ್ರದ ಬಲ್ಬ್ ಬದಲಾದಾಗ, ಹೊಸ ಯಂತ್ರ ಬಂದಾಗ, ಇವುಗಳಲ್ಲಿ ಇಪ್ಪತ್ತನ್ನು ತೆಗೆದು ಮತ್ತೆ ಓದಿಸಿ ಹಳೆ ಓದಿನ ಜೊತೆ ಹೋಲಿಸಬೇಕಾಗುತ್ತೆ. ಡಬ್ಬಿಯ ಮೇಲೆ ಪೆನ್ಸಿಲ್‌ನಲ್ಲೂ ಒಂದು ಸಲ ಬರೆಯಿರಿ, ಪೆನ್ನಿನ ಶಾಯಿ ಎರಡು ಮಳೆಗಾಲಕ್ಕೆ ಮಾಸಿಹೋಗುತ್ತೆ.